ಅಪ್ಪನಿಗೆ ಪಿ-ಟೌ 217 ಮಾಡಿಸಿದ್ದು

ಅಪ್ಪನಿಗೆ ಪಿ-ಟೌ 217 ಅನ್ನೋ ಮರೆವಿನ ರಕ್ತ ಪರೀಕ್ಷೆ ಮಾಡಿಸಿದ್ದೇವೆ ಅಂತ ನೆಂಟರಲ್ಲಿ ಸುದ್ದಿ ಹಬ್ಬಿದ ಮೇಲೆ ನನಗೆ ಫೋನೋ ಫೋನು. ಎಲ್ಲಿ ಮಾಡಿಸಿದ್ರಿ, ಎಷ್ಟಾಯ್ತು, ಅಷ್ಟೇ ಎಲ್ಲರ ಪ್ರಶ್ನೆ. ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಅಂತ ಯಾರೂ ಕೇಳುವುದಿಲ್ಲ. ಒಬ್ಬೊಬ್ಬರಿಗೂ ವಿವರಿಸಿ ಸಾಕಾಗಿದೆ, ಅದಕ್ಕೇ ಬರೆದುಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ರಕ್ತ ತೆಗೆದದ್ದು ಎರಡು ನಿಮಿಷದ ಕೆಲಸ, ಅದರ ಹಿಂದೆ ಮುಂದೆ ನಡೆದದ್ದೇ ಜಾಸ್ತಿ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. ಸರ್ವಿಸ್‌ನ ಬಹುಪಾಲು ಹಾಸನ–ಮಂಗಳೂರು ರೂಟಲ್ಲೇ ಕಳೆಯಿತು. ಈಗ 73 ವಯಸ್ಸು. ಅಮ್ಮನ ಜೊತೆ ಹಾಸನದಲ್ಲೇ ಇದ್ದಾರೆ. ನಾನು ಬೆಂಗಳೂರು, ಅಣ್ಣ ನ್ಯೂಜೆರ್ಸಿ. ಇಪ್ಪತ್ತು ವರ್ಷದಿಂದ ಶುಗರ್ ಇದೆ, ಬಿಪಿ ಇದೆ, ಎರಡಕ್ಕೂ ಮಾತ್ರೆ ನುಂಗುತ್ತಾರೆ.

ಶುರುವಾದದ್ದು ಯಾವಾಗ ಅಂತ ಹೇಳೋದು ಕಷ್ಟ. ಹಾಲಿನವನಿಗೆ ದುಡ್ಡು ಕೊಟ್ಟು ಮತ್ತೆ ಸಂಜೆ ಕೊಡಲು ಹೋದದ್ದು, ನಾನು ಊರಿಗೆ ಹೋದಾಗ "ಯಾವ ಬಸ್ಸಿಗೆ ಬಂದೆ" ಅಂತ ಊಟದ ಹೊತ್ತಿಗೆ ನಾಲ್ಕನೇ ಸಲ ಕೇಳಿದ್ದು, ಇಂಥವು. ಅಮ್ಮನ ಪ್ರಕಾರ ಏನೂ ಆಗಿರಲಿಲ್ಲ. "ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಇವರಿಗೆ ಹತ್ತು ವರ್ಷ ಲೇಟಾಗಿ ಬಂದಿದೆ ಬಿಡೇ" ಅಂತ ತಳ್ಳಿಹಾಕಿದರು. ಆದರೆ ಬ್ಯಾಂಕು, ಕರೆಂಟ್ ಬಿಲ್ಲು, ಗ್ಯಾಸ್ ಬುಕಿಂಗ್ ಎಲ್ಲವನ್ನೂ ಸದ್ದಿಲ್ಲದೆ ತಾವೇ ಮಾಡಿಕೊಂಡು ಬರುತ್ತಿದ್ದರು. ಅದು ನಮಗೆ ಗೊತ್ತಾದದ್ದು ಡಾಕ್ಟರ ಮುಂದೆ.

ಅಣ್ಣನ ಫೋನ್ ಬಂದದ್ದು 2025ರ ಮೇ ತಿಂಗಳಲ್ಲಿ. ಔಷಧಿ, ಪರೀಕ್ಷೆಗಳಿಗೆ ಒಪ್ಪಿಗೆ ಕೊಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ, ಮರೆವು ತರೋ ಅಲ್ಜೈಮರ್ ರೋಗದ ಮೊದಲ ರಕ್ತ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿದ್ದು ಆಗಲೇ. ಜಪಾನಿನ ಫ್ಯೂಜಿರೆಬಿಯೋ ಕಂಪನಿಯ ಲುಮಿಪಲ್ಸ್ ಅನ್ನೋ ಪರೀಕ್ಷೆ, ಅದರಲ್ಲಿ ನೋಡೋದು ಈ ಪಿ-ಟೌ 217. ಅಣ್ಣ ಇಂಜಿನಿಯರ್, ಅಂಕಿ ಸಿಕ್ಕರೆ ಬಿಡೋನಲ್ಲ. 2024ರಲ್ಲಿ ಸ್ವೀಡನ್‌ನಲ್ಲಿ ಸುಮಾರು 1200 ಜನರ ಮೇಲೆ ಮಾಡಿದ ಅಧ್ಯಯನವನ್ನು ಓದಿ ಹೇಳಿದ. ಮರೆವು ಅಂತ ಬಂದವರಲ್ಲಿ ಅಲ್ಜೈಮರ್ ಇದೆಯೋ ಇಲ್ಲವೋ ಅಂತ ಮಾಮೂಲಿ ಡಾಕ್ಟರುಗಳು ಸರಿಯಾಗಿ ಹೇಳಿದ್ದು 61%, ತಜ್ಞರು 73%, ಇಂಥದ್ದೇ ಇನ್ನೊಂದು ರಕ್ತ ಪರೀಕ್ಷೆ 91%. "ನೋಡು, ಡಾಕ್ಟರಿಗಿಂತ ಇದೇ ವಾಸಿ. ನೇರ ಲ್ಯಾಬಿಗೆ ಹೋಗಿ ಮಾಡಿಸು" ಅಂದ.

ನಾನು ನೇರ ಲ್ಯಾಬಿಗೆ ಹೋಗಲಿಲ್ಲ. ಬೆಂಗಳೂರಲ್ಲಿ ಒಬ್ಬ ನರರೋಗ ತಜ್ಞರ ಹತ್ತಿರ ಅಪಾಯಿಂಟ್‌ಮೆಂಟ್ ತಗೊಂಡು, ಅಪ್ಪ ಅಮ್ಮ ಇಬ್ಬರನ್ನೂ ಕರೆಸಿಕೊಂಡೆ. ಇಬ್ಬರನ್ನೂ ಅನ್ನೋದು ಮುಖ್ಯ. ಡಾಕ್ಟರು ಅಪ್ಪನಿಗಿಂತ ಜಾಸ್ತಿ ಹೊತ್ತು ಅಮ್ಮನ ಹತ್ತಿರವೇ ಮಾತಾಡಿದರು, ಅದೂ ಅಪ್ಪನನ್ನು ಹೊರಗೆ ಕೂರಿಸಿ. ದುಡ್ಡು ಯಾರು ನೋಡ್ಕೋತಾರೆ, ಒಬ್ಬರೇ ಮಾರ್ಕೆಟ್ಟಿಗೆ ಹೋಗಿ ಬರ್ತಾರಾ, ಮಾತ್ರೆ ತಾವೇ ತಗೋತಾರಾ ಅಂತ ಒಂದೊಂದಾಗಿ ಕೇಳಿದರು. ಅಮ್ಮ ಮೊದಲು "ಎಲ್ಲಾ ಚೆನ್ನಾಗಿದ್ದಾರೆ ಸಾರ್" ಅಂದವರು, ಕೊನೆಕೊನೆಗೆ ಸೆರಗಲ್ಲಿ ಮೂಗು ಒರೆಸಿಕೊಂಡು ಎಲ್ಲ ಹೇಳಿದರು.

ನಾನು ಪಿ-ಟೌ ಅಂದ ಕೂಡಲೇ ಡಾಕ್ಟರು ನಕ್ಕರು. ಮಕ್ಕಳು ಅಮೆರಿಕದಲ್ಲಿರೋ ಮನೆಗಳಿಂದ ಈಗ ಎಲ್ಲರೂ ಅದನ್ನೇ ಕೇಳಿಕೊಂಡು ಬರ್ತಾರಂತೆ. ಮಾಡೋಣ, ಆದರೆ ಕೊನೆಗೆ ಅಂದರು. ಸ್ವೀಡನ್ನಿನ ಲೆಕ್ಕ ಸರಿಯೇ, ಆದರೆ ಅಲ್ಲಿ ರಕ್ತ ಕೊಟ್ಟವರು ಮರೆವಿನ ತೊಂದರೆಯಿಂದ ಆಗಲೇ ಡಾಕ್ಟರ ಹತ್ತಿರ ಬಂದಿದ್ದವರು, ಹಾಗೇ ರಸ್ತೆಯಲ್ಲಿ ಹೋಗೋರಲ್ಲ. ಇನ್ನೊಂದು, ಪರೀಕ್ಷೆ ಉತ್ತರ ಕೊಡೋದು ಒಂದೇ ಪ್ರಶ್ನೆಗೆ. ಮೆದುಳಲ್ಲಿ ಅಲ್ಜೈಮರ್‌ನ ಅಮೈಲಾಯ್ಡ್ ಅನ್ನೋ ಪ್ರೋಟೀನ್ ಕಸ ಕೂತಿದೆಯಾ ಇಲ್ವಾ, ಅಷ್ಟೇ. ನಿಮ್ಮ ತಂದೆಯ ಮರೆವಿಗೆ ಅದೇ ಕಾರಣವಾ ಅನ್ನೋದು ಬೇರೆ ಪ್ರಶ್ನೆ, ಅದನ್ನು ನಾವು ಕೂತು ಹುಡುಕಬೇಕು ಅಂದರು. ಈ ಮಾತು ನನಗೆ ಪೂರ್ತಿ ಅರ್ಥವಾದದ್ದು ರಿಪೋರ್ಟ್ ಬಂದ ಮೇಲೆ.

ಆಮೇಲೆ ನೆನಪಿನ ಪರೀಕ್ಷೆ. ಸೈಕಾಲಜಿಸ್ಟ್ ಹುಡುಗಿ ಒಬ್ಬಳು, ಎಲ್ಲ ಕನ್ನಡದಲ್ಲೇ. ನಾನು ಹಿಂದೆ ಕುರ್ಚಿಯಲ್ಲಿ ಕೂತಿದ್ದೆ. ನೂರರಿಂದ ಏಳು ಕಳೆಯುತ್ತಾ ಹೋಗಿ ಅಂದಳು. ಅಪ್ಪ ಉಸಿರೂ ಬಿಡದೆ ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಅಂತ ಹೊರಟವರು ಅರವತ್ತೈದು ದಾಟಿ ಇನ್ನೂ ಹೋಗುತ್ತಲೇ ಇದ್ದರು. ಆಕೆಯೇ "ಸಾಕು ಸಾರ್" ಅಂತ ನಿಲ್ಲಿಸಬೇಕಾಯಿತು. ಜೀವನವಿಡೀ ನಿಂತ ಬಸ್ಸಲ್ಲಿ ಓಡೋ ಬಸ್ಸಲ್ಲಿ ಚಿಲ್ಲರೆ ಲೆಕ್ಕ ಮಾಡಿದ ತಲೆ ಅದು. ನನಗೆ ಒಳಗೊಳಗೇ ಖುಷಿ, ಏನೂ ಇಲ್ಲ ಬಿಡು ಅಂತ. ಆಮೇಲೆ ಗಡಿಯಾರ ಬರೆಯಿರಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದಳು. ಅಪ್ಪ ನೀಟಾಗಿ ವೃತ್ತ ಬರೆದು, ಹನ್ನೆರಡೂ ಅಂಕಿ ತುಂಬಿಸಿ, ಒಂದು ಮುಳ್ಳನ್ನು ಹನ್ನೊಂದಕ್ಕೆ ಇಟ್ಟು, ಇನ್ನೊಂದನ್ನು ಎರಡರ ಬದಲು ಹತ್ತರ ಮೇಲೆ ಇಟ್ಟರು. ಇಟ್ಟು ಪೆನ್ನು ಕೆಳಗಿಟ್ಟರು. ಅನುಮಾನವೇ ಇಲ್ಲ ಮುಖದಲ್ಲಿ. ವೇ ಬಿಲ್ ತುಂಬುವಾಗ ನಿಮಿಷ ತಪ್ಪದೆ ಟೈಮ್ ಬರೆಯುತ್ತಿದ್ದ ಮನುಷ್ಯ.

ಮೊದಲಲ್ಲಿ ಹೇಳಿದ್ದ ಐದು ಪದಗಳನ್ನು ಈಗ ಕೇಳಿದಳು. ಎರಡು ಬಂತು. ಉಳಿದದ್ದಕ್ಕೆ ಸುಳಿವು ಕೊಟ್ಟಳು, ಬರಲಿಲ್ಲ. ಸುಳಿವು ಕೊಟ್ಟಾಗ ಥಟ್ಟನೆ ನೆನಪಾದರೆ ಪದ ಒಳಗೆ ಇದೆ, ಹುಡುಕೋಕಾಗ್ತಿಲ್ಲ ಅಂತ. ಸುಳಿವು ಕೊಟ್ಟರೂ ಬರದಿದ್ದರೆ ಅದು ಒಳಗೇ ಹೋಗಿಲ್ಲ ಅಂತ, ಅಲ್ಜೈಮರ್‌ನಲ್ಲಿ ಹೀಗೆ ಜಾಸ್ತಿ ಅಂತ ಆಮೇಲೆ ಹೇಳಿದಳು. ಅಪ್ಪ ಮಾತ್ರ ಅವಳನ್ನು ಬಿಡಲಿಲ್ಲ. "ಅದೆಲ್ಲ ಇರ್ಲಮ್ಮ, ಸ್ಟೇಜ್ ಕೇಳು, ಹೇಳ್ತೀನಿ" ಅಂತ ಆಲೂರು, ಪಾಳ್ಯ, ಬಾಳ್ಳುಪೇಟೆ, ಸಕಲೇಶಪುರ, ದೋಣಿಗಾಲ್, ಮಾರನಹಳ್ಳಿ, ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ ಅಂತ ಘಾಟಿ ಇಳಿದೇಬಿಟ್ಟರು. ಹಳೆಯ ನೆನಪು ಹೋಗೋದು ಕೊನೆಗೆ, ಅದನ್ನು ನೋಡಿ ಮನೆಯವರು ಮೋಸ ಹೋಗ್ತಾರೆ ಅಂದರು ಡಾಕ್ಟರು.

ಅಲ್ಲಿಂದ ಮುಂದಿನ ಭಾಗ ಬೋರಿಂಗು, ಆದರೆ ದುಡ್ಡಿಗೆ ತಕ್ಕ ಪ್ರಯೋಜನ ಸಿಕ್ಕಿದ್ದು ಇಲ್ಲೇ ಅಂತ ನನ್ನ ಅಭಿಪ್ರಾಯ. ಮಾಮೂಲಿ ರಕ್ತ ಪರೀಕ್ಷೆಗಳು, ಯಾವ ತಾಲೂಕು ಊರಲ್ಲೂ ಆಗುವಂಥವು. ಬಿ12, ಥೈರಾಯ್ಡ್, ಸೋಡಿಯಂ, ಶುಗರ್, ಕಿಡ್ನಿ ಹೇಗಿದೆ ಅಂತ ನೋಡೋ ಕ್ರಿಯಾಟಿನಿನ್. ಅಪ್ಪನ ಬಿ12 ನೆಲ ಕಚ್ಚಿತ್ತು. ಶುಗರ್‌ಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಿಗೆ ಬಿ12 ಇಳಿಯುತ್ತದಂತೆ, ಅದರ ಮೇಲೆ ನಮ್ಮದು ಸೊಪ್ಪು ಸಾರಿನ ಮನೆ. ಬಿ12 ಕಮ್ಮಿಯಾದರೇ ಮರೆವು ಬರಬಹುದು. ಇಂಜೆಕ್ಷನ್ ಶುರುವಾಯಿತು.

ಆಮೇಲೆ ಅಮ್ಮ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಕೊಂಡು ಬಂದಿದ್ದ ಮಾತ್ರೆಗಳನ್ನು ಡಾಕ್ಟರು ಟೇಬಲ್ ಮೇಲೆ ಸುರಿದುಕೊಂಡರು. ಒಂದು ಸ್ಟ್ರಿಪ್ ಎತ್ತಿ ಇದನ್ನು ಯಾರು ಬರೆದುಕೊಟ್ಟರು ಅಂತ ಕೇಳಿದರು. ರಾತ್ರಿ ಪದೇಪದೇ ಎದ್ದು ಬಾತ್‌ರೂಮಿಗೆ ಹೋಗ್ತಾರೆ ಅಂತ ಕೊಟ್ಟಿದ್ದ ಆಕ್ಸಿಬ್ಯುಟಿನಿನ್. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕದ ಕೆಲಸವನ್ನೇ ಆ ಮಾತ್ರೆ ತಡೆಯುತ್ತದೆ, ವಯಸ್ಸಾದವರಿಗೆ ತಲೆ ಮಂಕು ಮಾಡುತ್ತದೆ. ಅದನ್ನು ನಿಲ್ಲಿಸಿ ಬೇರೆ ಬಗೆಯ ಮಾತ್ರೆ ಬರೆದರು. ಕಿವಿ ಪರೀಕ್ಷೆಗೂ ಕಳಿಸಿದರು. ಎರಡೂ ಕಿವಿ ಮಂದ. ಬಸ್ ಇಂಜಿನ್ ಪಕ್ಕ ಬದುಕು ಕಳೆದವರಲ್ವಾ. ಕೇಳಿಸದ ಮಾತು ನೆನಪಲ್ಲಿ ಉಳಿಯೋದು ಹೇಗೆ? ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಮರೆವಿನ ರೋಗಕ್ಕೆ ನಾವು ಏನಾದರೂ ಮಾಡಬಹುದಾದ 14 ಕಾರಣಗಳನ್ನು ಹೇಳುತ್ತದೆ, ಕಿವಿ ಮಂದವಾಗೋದು, ಕೆಟ್ಟ ಕೊಲೆಸ್ಟರಾಲ್ ಎರಡೂ ಅದರಲ್ಲಿ ಮೇಲಿನ ಸಾಲಲ್ಲಿವೆ.

ಎಂಆರ್‌ಐನಲ್ಲಿ ನೆನಪಿನ ಭಾಗ ವಯಸ್ಸಿಗೆ ಇರಬೇಕಾದ್ದಕ್ಕಿಂತ ಸ್ವಲ್ಪ ಕುಗ್ಗಿದೆ ಅಂತ ಬಂತು. ಜೊತೆಗೆ ಬಿಪಿ ಶುಗರ್‌ನಿಂದ ಸಣ್ಣ ರಕ್ತನಾಳಗಳು ಹಾಳಾದ ಗುರುತು, ಹಳೆಯ ಸಣ್ಣ ರಕ್ತಸ್ರಾವದ ಕೆಲವು ಚುಕ್ಕೆ. ಸ್ಟ್ರೋಕ್ ಅಂತ ನಮಗೆ ಗೊತ್ತಾಗುವಂಥದ್ದು ಏನೂ ಆಗಿರಲಿಲ್ಲ.

ಕೆಲವು ತಿಂಗಳು ಬಿಟ್ಟು ಮತ್ತೆ ಹೋದೆವು. ಅಪ್ಪ ಗೆಲುವಾಗಿದ್ದರು. ಮಧ್ಯಾಹ್ನ ತೂಕಡಿಸೋದು ನಿಂತಿತ್ತು, ಪೇಪರ್ ಓದೋಕೆ ಶುರು ಮಾಡಿದ್ದರು. ಗಡಿಯಾರದ ಮುಳ್ಳು ಈ ಸಲ ಸರಿಯಾದ ಜಾಗದಲ್ಲಿ ಕೂತಿತು. ಐದು ಪದದ ಕಥೆ ಮಾತ್ರ ಅದೇ. ಅಂದರೆ ಸರಿಮಾಡಬಹುದಾದ್ದನ್ನು ಸರಿಮಾಡಿ ಆಯ್ತು, ಇನ್ನೂ ಏನೋ ಉಳಿದಿದೆ. ದಿನದ ಕೆಲಸಕ್ಕೆ ಅಡ್ಡಿಯಾಗುವಷ್ಟಿಲ್ಲ, ಹಾಗಂತ ವಯಸ್ಸಿಗೆ ಸಹಜ ಅನ್ನೋ ಹಾಗೂ ಇಲ್ಲ. ಇದಕ್ಕೆ ಎಂಸಿಐ, ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್ ಅಂತಾರೆ. ಈಗ ಬೇಕಾದರೆ ಪಿ-ಟೌ ಮಾಡೋಣ ಅಂದರು ಡಾಕ್ಟರು.

ಮಾಡೋ ಮುಂಚೆ ನಮಗೊಂದು ಹೋಮ್‌ವರ್ಕ್. ಪಾಸಿಟಿವ್ ಬಂದರೆ ಏನು ಮಾಡ್ತೀರಿ, ನೆಗೆಟಿವ್ ಬಂದರೆ ಏನು, ಎರಡೂ ಅಲ್ಲದೆ ಮಧ್ಯ ಬಂದರೆ ಏನು. ಮೂರಕ್ಕೂ ಉತ್ತರ ಇಟ್ಟುಕೊಂಡು ಬನ್ನಿ, ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ ಅಂದರು. ಅಣ್ಣನ ಉತ್ತರ ರೆಡಿ ಇತ್ತು, ಪಾಸಿಟಿವ್ ಬಂದರೆ ಲೆಕಾನೆಮ್ಯಾಬ್. ಮೆದುಳಿನ ಅಮೈಲಾಯ್ಡ್ ತೆಗೆಯೋ ಔಷಧಿ, ಎಫ್‌ಡಿಎ 2023ರಲ್ಲಿ ಪೂರ್ತಿ ಒಪ್ಪಿಗೆ ಕೊಟ್ಟಿದೆ. ಡಾಕ್ಟರು ವಿಡಿಯೋ ಕಾಲಲ್ಲಿ ಅವನಿಗೆ ತಾಳ್ಮೆಯಿಂದ ಹೇಳಿದರು. ಅದು ರೋಗ ವಾಸಿ ಮಾಡಲ್ಲ, ಇಳಿಯೋ ವೇಗವನ್ನು ಕಮ್ಮಿ ಮಾಡುತ್ತದೆ, ಒಂದೂವರೆ ವರ್ಷದ ಪ್ರಯೋಗದಲ್ಲಿ 27%. ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕಬೇಕು, ನಡುನಡುವೆ ಎಂಆರ್‌ಐ ಮಾಡಬೇಕು. ಕೆಲವರಿಗೆ ಮೆದುಳಲ್ಲಿ ಊತ, ರಕ್ತಸ್ರಾವ ಆಗುತ್ತದೆ, ಆಗಲೇ ರಕ್ತಸ್ರಾವದ ಚುಕ್ಕೆಗಳು ಇರುವವರಿಗೆ ಅಪಾಯ ಜಾಸ್ತಿ. ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಾಗಾದರೆ ತಿಳ್ಕೊಂಡು ಏನು ಲಾಭ ಅಂತ ಅವನೇ ಕೇಳಿದ.

ಅದಕ್ಕೆ ಉತ್ತರ ಕೊಟ್ಟದ್ದು ಅಪ್ಪ. ಡಾಕ್ಟರು ನೇರ ಅವರ ಕಡೆ ತಿರುಗಿ, ಗಟ್ಟಿಯಾಗಿ, "ಯಜಮಾನ್ರೇ, ರಿಪೋರ್ಟಲ್ಲಿ ಅಲ್ಜೈಮರ್ ಅಂತ ಬರಬಹುದು. ಅದನ್ನ ನಿಮಗೆ ಹೇಳ್ಲಾ, ಬೇಡ್ವಾ?" ಅಂದರು. ಅಮ್ಮ ಬೇಡ ಅಂತ ಕೈಯಾಡಿಸುತ್ತಿದ್ದರು. ಅಪ್ಪ ಅಮ್ಮನ ಕಡೆ ನೋಡಲೇ ಇಲ್ಲ. "ನನ್ನ ತಲೆ ವಿಷಯ ನನಗೆ ಹೇಳ್ದೆ ಇನ್ಯಾರಿಗೆ ಹೇಳ್ತೀರಾ ಸಾರ್. ಊರಿನ ಜಮೀನು ಇಬ್ಬರಿಗೂ ಮಾಡಬೇಕು, ಕೈ ಸೈನ್ ಬರೋವಾಗಲೇ ಆಗಬೇಕಲ್ವಾ" ಅಂದರು. ಅಪ್ಪನ ತಲೆಯಲ್ಲಿ ಜಮೀನಿನ ಯೋಚನೆ ಇದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ.

ರಕ್ತ ಕೊಡೋ ಕೆಲಸ ಹಾಸನದಲ್ಲೇ ಮುಗಿಸೋಣ ಅಂತ ನೋಡಿದೆ. ಅಲ್ಲಿಯ ಕಲೆಕ್ಷನ್ ಸೆಂಟರಿನ ಹುಡುಗ "ಬನ್ನಿ ಮೇಡಂ, ಆಗುತ್ತೆ" ಅಂದ. ಯಾವ ಟ್ಯೂಬಲ್ಲಿ ತೆಗೀತೀರಾ ಅಂದರೆ ಕೆಂಪು ಮುಚ್ಚಳದ್ದು ಅಂದ. ಡಾಕ್ಟರು ಬರೆದುಕೊಟ್ಟದ್ದು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ಅದನ್ನು ತಡಮಾಡದೆ ಮಷೀನಲ್ಲಿ ತಿರುಗಿಸಿ, ರಕ್ತದ ತಿಳಿ ಭಾಗವಾದ ಪ್ಲಾಸ್ಮಾ ಬೇರೆ ಮಾಡಿ ಫ್ರೀಜ್ ಮಾಡಬೇಕು ಅಂತ. ಪಿ-ಟೌ, ಅಮೈಲಾಯ್ಡ್‌ನಂಥ ಪ್ರೋಟೀನುಗಳು ರಕ್ತದಲ್ಲಿ ಇರೋದೇ ಒಂದು ಮಿಲಿಲೀಟರಿಗೆ ಪಿಕೋಗ್ರಾಂ ಲೆಕ್ಕದಲ್ಲಿ, ಅಂದರೆ ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಸ್ಯಾಂಪಲ್ ಬಿಸಿಲಲ್ಲಿ ಅರ್ಧ ದಿನ ಕೂತರೆ, ಬೇರೆ ಟ್ಯೂಬಿಗೆ ಹೋದರೆ, ಅಂಕಿಯೇ ಬದಲಾಗುತ್ತದೆ. ಅದರಲ್ಲೂ ಅಮೈಲಾಯ್ಡ್ ಬೇಗ ಕೆಡುತ್ತದೆ, ಟ್ಯೂಬಿನ ಗೋಡೆಗೂ ಅಂಟಿಕೊಳ್ಳುತ್ತದೆ. ಅದಕ್ಕೇ ಬೆಂಗಳೂರಿಗೇ ಕರೆಸಿಕೊಂಡೆ, ಲ್ಯಾಬಿನ ಮುಖ್ಯ ಕಟ್ಟಡಕ್ಕೇ ಹೋದೆವು. ರಕ್ತ ತೆಗೆದ ಟ್ಯೂಬನ್ನು ಆಕೆ ಮೆಲ್ಲಗೆ ಮೇಲೆ ಕೆಳಗೆ ಮಾಡಿ, ಟೈಮ್ ಬರೆದು, ಒಳಗೆ ಒಯ್ದಳು. ಬಿಲ್ಲು ಐದಂಕಿ. ವಿಮೆಯಲ್ಲಿ ಬರಲಿಲ್ಲ.

ಈ ಪಿ-ಟೌ 217 ಅಂದರೇನು ಅಂತ ನನಗೆ ಅರ್ಥವಾದ ಹಾಗೆ ಹೇಳ್ತೀನಿ. ಟೌ ನರಕೋಶದೊಳಗೆ ಇರುವ ಪ್ರೋಟೀನು. ಮೆದುಳಲ್ಲಿ ಅಮೈಲಾಯ್ಡ್ ಗಂಟುಗಟ್ಟಿದಾಗ ಈ ಟೌಗೆ ಕೆಲವು ಜಾಗದಲ್ಲಿ ಫಾಸ್ಫೇಟ್ ಅಂಟಿಕೊಳ್ಳುತ್ತದೆ, ಅದರಲ್ಲಿ 217ನೇ ಜಾಗದಲ್ಲಿ ಅಂಟಿದ್ದು ಅಲ್ಜೈಮರ್‌ಗೆ ಚೆನ್ನಾಗಿ ಹೊಂದುವ ಗುರುತು. ಅದರ ಚೂರುಗಳು ರಕ್ತಕ್ಕೂ ಬರುತ್ತವೆ. ಅಮೈಲಾಯ್ಡ್ ಕೂರೋಕೆ ಶುರುವಾಗೋದು ಮರೆವು ಕಾಣೋ 15–20 ವರ್ಷ ಮೊದಲೇ. ಎನ್‌ಎಫ್‌ಎಲ್ ಅಂತ ಇನ್ನೊಂದು ಗುರುತು ಇದೆ, ಅದು ನರಕ್ಕೆ ಯಾವ ಕಾರಣದಿಂದ ಪೆಟ್ಟಾದರೂ ಏರುತ್ತದೆ, ಇದೇ ರೋಗ ಅಂತ ಹೇಳಲ್ಲ. ಪ್ಯಾಕೇಜ್ ಅಂತ ಎಲ್ಲ ಸೇರಿಸಿ ಮಾರೋರು ಇದ್ದಾರೆ, ಡಾಕ್ಟರು ಬರೆದದ್ದನ್ನು ಮಾತ್ರ ಮಾಡಿಸಿ.

ರಿಪೋರ್ಟ್ ಪಿಡಿಎಫ್ ಬಂದದ್ದು ರಾತ್ರಿ. ಒಂದು ಅಂಕಿ, ಅದರ ಕೆಳಗೆ ಎರಡು ಗೆರೆ. ಕೆಳಗಿನ ಗೆರೆಗಿಂತ ಕಮ್ಮಿ ಇದ್ದರೆ ನೆಗೆಟಿವ್, ಮೇಲಿನ ಗೆರೆ ದಾಟಿದರೆ ಪಾಸಿಟಿವ್. ಅಪ್ಪನದು ನಡುವೆ, ಮೇಲಿನ ಗೆರೆಗೆ ಹತ್ತಿರ. ಎಫ್‌ಡಿಎ ಒಪ್ಪಿಗೆಗೆ ಆಧಾರವಾದ ಅಧ್ಯಯನದಲ್ಲೂ 499 ಜನರಲ್ಲಿ 20%ಗಿಂತ ಸ್ವಲ್ಪ ಕಮ್ಮಿ ಮಂದಿಗೆ ಹೀಗೆ ನಡುವೆಯೇ ಬಂದಿತ್ತು. ಪಾಸಿಟಿವ್ ಬಂದವರಲ್ಲಿ 91.7% ಮಂದಿಗೆ ಸ್ಕ್ಯಾನ್ ಅಥವಾ ಬೆನ್ನುಹುರಿ ನೀರಿನ ಪರೀಕ್ಷೆಯಲ್ಲೂ ಅಮೈಲಾಯ್ಡ್ ಇತ್ತು, ನೆಗೆಟಿವ್ ಬಂದವರಲ್ಲಿ 97.3% ಮಂದಿಗೆ ಅಲ್ಲೂ ಇರಲಿಲ್ಲ. ಈ ಅಂಕಿಗಳನ್ನು ಅಣ್ಣ ಓದಿದ್ದ, ನಡುವಿನ 20% ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಬೆಳಿಗ್ಗೆ ಅಪ್ಪನಿಗೆ ಹೇಳಿದೆ. "ರೈಲಿನವರ ಆರ್‌ಎಸಿ ಥರ ಅನ್ನು. ಹತ್ತಬಹುದು, ಮಲಗೋ ಹಾಗಿಲ್ಲ" ಅಂತ ನಕ್ಕು ಕಾಫಿ ಕುಡಿದರು.

ಡಾಕ್ಟರು ರಿಪೋರ್ಟಿನ ಪಕ್ಕದಲ್ಲಿ ಹಳೆಯ ಕ್ರಿಯಾಟಿನಿನ್ ರಿಪೋರ್ಟ್ ಇಟ್ಟುಕೊಂಡರು. ಶುಗರ್‌ನಿಂದ ಅಪ್ಪನ ಕಿಡ್ನಿ ಸ್ವಲ್ಪ ಸೋತಿದೆ. ಈ ಪ್ರೋಟೀನ್ ಚೂರುಗಳು ರಕ್ತದಿಂದ ಹೊರಹೋಗೋದರಲ್ಲಿ ಕಿಡ್ನಿಯ ಪಾಲೂ ಇದೆ, ಕಿಡ್ನಿ ಸೋತರೆ ಅಂಕಿ ತಾನಾಗೇ ಏರುತ್ತದೆ. ತೂಕ ಜಾಸ್ತಿ ಇರೋರಲ್ಲಿ ಅಂಕಿ ಇಳಿದು ಕಾಣಬಹುದು. ಹಾಗಾಗಿ ಅಪ್ಪನ ಅಂಕಿಯಲ್ಲಿ ಮೆದುಳಿನ ಪಾಲೆಷ್ಟು, ಕಿಡ್ನಿಯ ಪಾಲೆಷ್ಟು ಅಂತ ಒಂದೇ ಟ್ಯೂಬಿಂದ ಹೇಳಕ್ಕಾಗಲ್ಲ. ಇನ್ನೊಂದು ಮಾತನ್ನೂ ಸೇರಿಸಿದರು. ಈ ಗೆರೆಗಳನ್ನು ಎಳೆದಿರೋದು ಹೆಚ್ಚಾಗಿ ಅಮೆರಿಕ, ಯುರೋಪಿನ ಬಿಳಿಯರ ರಕ್ತ ನೋಡಿ. ನಮ್ಮಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ರೋಗ, ಇದೆ ಅಂತ ಅಂದಾಜು, ಶುಗರ್ ಬಿಪಿಯೂ ಜೊತೆಗಿರೋರು ಎಷ್ಟೋ. ನಮ್ಮ ಜನರ ಲೆಕ್ಕ ಈಗ ಈಗ ಆಗುತ್ತಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ಕೋಲಾರದ ಶ್ರೀನಿವಾಸಪುರದ ಹಳ್ಳಿಗಳ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ರಕ್ತ, ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲ ಮಾಡುತ್ತಿದ್ದಾರೆ. ಮಾವಿನ ತೋಟದ ಊರಿನವರು ಕೊಟ್ಟ ರಕ್ತದಿಂದ ಮುಂದೆ ನಮ್ಮಂಥವರ ಗೆರೆ ಎಲ್ಲಿ ಬೀಳಬೇಕು ಅಂತ ಗೊತ್ತಾದರೆ ನನಗಂತೂ ಸಂತೋಷ.

ಮುಂದೇನು ಅಂದರೆ ಎರಡು ದಾರಿ. ಒಂದು, ಮೆದುಳಿನ ಅಮೈಲಾಯ್ಡ್ ತೋರಿಸೋ ಪೆಟ್ ಸ್ಕ್ಯಾನ್ ಅಥವಾ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು ನೋಡೋದು. ಇಲ್ಲ, ಬಿಪಿ ಶುಗರ್ ಹಿಡಿತದಲ್ಲಿಟ್ಟು ವರ್ಷ ಬಿಟ್ಟು ಮತ್ತೆ ನೋಡೋದು. ಹೇಗೂ ಆ ಡ್ರಿಪ್ ಔಷಧಿ ಅಪ್ಪನಿಗೆ ಬೇಡ ಅಂತ ಆಗಿದೆ, ಇನ್ನು ಬೆನ್ನಿಗೆ ಸೂಜಿ ಹಾಕಿಸಿ ಖಚಿತ ಮಾಡಿಕೊಳ್ಳೋದು ಯಾರಿಗೋಸ್ಕರ? ಅಣ್ಣನಿಗೋಸ್ಕರ ಆಗುತ್ತಿತ್ತು, ಅಷ್ಟೇ. ಕಾಯೋಣ ಅಂದೆವು. ಅವನಿಗೆ ಇನ್ನೂ ಸಮಾಧಾನ ಇಲ್ಲ.

ಜಮೀನಿನ ಕಾಗದ ಅಪ್ಪ ಹೇಳಿದ ಹಾಗೇ ಮುಗಿಯಿತು, ಬ್ಯಾಂಕ್ ಖಾತೆಗೆ ಅಮ್ಮನ ಹೆಸರು ಸೇರಿತು. ಕಿವಿಗೆ ಮಷೀನು ಬಂದಿದೆ. ಅದನ್ನು ಹಾಕಿಸೋದೇ ದಿನಾ ಒಂದು ಜಗಳ, ಮಿಕ್ಸಿ ಸದ್ದು ತಲೆ ಒಡೆಯುತ್ತದೆ ಅಂತ ಕಿತ್ತು ಜೇಬಿಗೆ ಹಾಕಿಕೊಳ್ತಾರೆ.

ಕೇಳೋರಿಗೆ ನಾನು ಹೇಳೋದು ಇಷ್ಟು. ಮರೆವಿನ ತೊಂದರೆ ಇಲ್ಲದವರಿಗೆ ಸುಮ್ನೆ ಚೆಕ್ ಮಾಡೋಣ ಅಂತ ಈ ಪರೀಕ್ಷೆ ಬೇಡ. ನೆನಪು ಚೆನ್ನಾಗಿರುವ ವಯಸ್ಸಾದವರಲ್ಲೂ ಎಷ್ಟೋ ಮಂದಿಗೆ ಅಮೈಲಾಯ್ಡ್ ಇರುತ್ತದೆ, ಅವರಲ್ಲಿ ಎಲ್ಲರಿಗೂ ಮರೆವು ಬರೋದಿಲ್ಲ. ತೊಂದರೆ ಇದ್ದರೆ ಮೊದಲು ಬಿ12, ಥೈರಾಯ್ಡ್, ಕಿವಿ, ಮಾತ್ರೆಗಳ ಕವರು. ಡಾಕ್ಟರ ಹತ್ತಿರ ಹೋಗುವಾಗ ಅವರ ಜೊತೆ ಒಂದೇ ಮನೆಯಲ್ಲಿ ಇರೋರನ್ನು ಕರೆದುಕೊಂಡು ಹೋಗಿ, ವಾರಕ್ಕೊಮ್ಮೆ ಫೋನ್ ಮಾಡೋ ಮಕ್ಕಳಿಂದ ಅರ್ಧ ವಿಷಯವೂ ಬರಲ್ಲ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ನಡೆಸುವ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಇದೆ, ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಮೆದುಳಿನ ಆರೋಗ್ಯದ ಕ್ಲಿನಿಕ್ ಇದೆಯಾ ಅಂತ ಒಮ್ಮೆ ವಿಚಾರಿಸಿ.

ಅಣ್ಣ ಇಷ್ಟಕ್ಕೇ ಬಿಡಲಿಲ್ಲ. ಅಪ್ಪನಿಗೆ ಹೀಗಾದರೆ ನನಗೂ ಬರುತ್ತದಾ, ನಾನೂ ಮಾಡಿಸಿಕೊಳ್ತೀನಿ ಅಂತ ಅಲ್ಲಿಯ ಡಾಕ್ಟರ ಹತ್ತಿರ ಹೋಗಿದ್ದಾನೆ. ಅವನಿಗೆ 47. ಆ ಪರೀಕ್ಷೆಗೆ ಒಪ್ಪಿಗೆ ಇರೋದು 55 ದಾಟಿ, ಮರೆವಿನ ಲಕ್ಷಣ ಇರುವವರಿಗೆ ಮಾತ್ರ ಅಂತ ಅವರು ಬರೆದುಕೊಡಲಿಲ್ಲ. ಬದಲಿಗೆ ಬಿಪಿ, ಶುಗರ್, ಕೊಲೆಸ್ಟರಾಲ್ ಮಾಡಿಸಿ ಕಳಿಸಿದರು. ಮೊನ್ನೆ ಫೋನ್ ಮಾಡಿದವನು ಪಿ-ಟೌ ಸುದ್ದಿ ಎತ್ತಲಿಲ್ಲ. "ಕೊಲೆಸ್ಟರಾಲ್ ಜಾಸ್ತಿ ಇದೆ ಕಣೇ, ಮಾತ್ರೆ ಶುರು ಮಾಡಿದ್ದಾರೆ. ಅಮ್ಮನಿಗೆ ಹೇಳ್ಬೇಡ" ಅಂದ.